ಬೋಲ್ಟ್ ಎಳೆಯುವಷ್ಟು ಹೊತ್ತು

ನಾನು ಒಂದು ರೈಫಲ್. ದೂರದ ಗುರಿಗೆಂದೇ ಮಾಡಿದವಳು.

ಮೊದಲು ನಾನು ಒಂದು ಉಕ್ಕಿನ ಸರಳು ಮಾತ್ರ. ಕಾರ್ಖಾನೆಯಲ್ಲಿ ನನ್ನ ನಡುವೆ ಉದ್ದಕ್ಕೂ ತೂತು ಕೊರೆದರು, ಒಳಗೆ ಹಾವಿನಂತೆ ಸುತ್ತಿಕೊಂಡು ಹೋಗುವ ಗೀರು ಎಳೆದರು. ಆಮೇಲೆ ಒಬ್ಬ ಮುದುಕ ಕೆಲಸಗಾರ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ಬಿದ್ದ ನೆರಳನ್ನೇ ನೋಡುತ್ತಾ ಬಹಳ ಹೊತ್ತು ನಿಂತ. ನೆರಳು ಎಲ್ಲೋ ಕೂದಲೆಳೆಯಷ್ಟು ಬಾಗಿದ್ದಿರಬೇಕು. ಸಣ್ಣ ಸುತ್ತಿಗೆಯಿಂದ ಒಂದೇ ಏಟು ಕೊಟ್ಟ, ಮತ್ತೆ ನೋಡಿದ, ತಲೆಯಾಡಿಸಿ ಮುಂದಿನದನ್ನು ಎತ್ತಿಕೊಂಡ. ನನ್ನನ್ನು ನೆಟ್ಟಗೆ ಮಾಡಿದವನು ಅವನೇ. ಅವನ ಹೆಸರು ನನಗೆ ತಿಳಿಯಲಿಲ್ಲ.

ನನ್ನ ಜಾತಿಯವರನ್ನು ಬೋಲ್ಟ್ ಆಕ್ಷನ್ ಎನ್ನುತ್ತಾರೆ. ಒಂದು ಗುಂಡು ಹಾರಿದ ಮೇಲೆ ಎರಡನೆಯದು ತಾನಾಗಿ ಬರುವುದಿಲ್ಲ. ಸಿಪಾಯಿ ನನ್ನ ಬಲಮಗ್ಗುಲಿನ ಹಿಡಿಕೆಯನ್ನು ಮೇಲೆತ್ತಿ ಹಿಂದೆ ಎಳೆಯಬೇಕು, ಖಾಲಿ ತೋಟಾ ಹೊರಗೆ ಬೀಳಬೇಕು, ಮತ್ತೆ ಮುಂದೆ ತಳ್ಳಿ ಕೆಳಗೆ ಮಲಗಿಸಬೇಕು. ಆ ಹಿಡಿಕೆಯ ಉಕ್ಕಿಗೇ ಬೋಲ್ಟ್ ಎಂದು ಹೆಸರು. ಇಷ್ಟಕ್ಕೆಲ್ಲ ಎರಡು ಸೆಕೆಂಡು ಹಿಡಿಯುತ್ತದೆ. ಎರಡು ಸೆಕೆಂಡು ಏನು ಮಹಾ ಎಂದು ಆಗ ನನಗೂ ಅನ್ನಿಸಿತ್ತು. ಅವು ನನಗೆ ಇವತ್ತಿಗೂ ನೆಮ್ಮದಿ ಕೊಟ್ಟಿಲ್ಲ.

ಪೆಟ್ಟಿಗೆಯಲ್ಲಿ ಮಲಗಿ, ರೈಲು ಹತ್ತಿ, ಲಾರಿ ಹತ್ತಿ ಒಂದು ಪಲ್ಟನ್ನಿಗೆ ಬಂದೆ. ಅಲ್ಲಿ ನನ್ನ ಹಿಂಬದಿಯ ಮರದ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆದರು. ಹೆಸರು ಎಂದರೂ ಅದೇ, ವಿಳಾಸ ಎಂದರೂ ಅದೇ. ಆಯುಧಗಳನ್ನು ಇಡುವ ಕೋಣೆಗೆ ಅವರು ಕೋತ್ ಎನ್ನುತ್ತಾರೆ. ಅಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸರಪಳಿ ಹಾಕುತ್ತಿದ್ದರು. ಹೊರಗೆ ಬೂಟಿನ ಸಪ್ಪಳವಾದರೆ ಸಾಕು, ನನಗೇ ಬಂದರೇನೋ ಎಂದು ಒಳಗೆಲ್ಲ ಚಡಪಡಿಕೆ.

ನನಗೆ ಬಂದವನು ಹವಾಲ್ದಾರ್ ಬಾಳಪ್ಪ ಉದಗಟ್ಟಿ. ಗೋಕಾಕದ ಕಡೆಯವನು. ತಂದೆ ಕಲ್ಲು ಒಡೆಯುವ ಕೆಲಸ ಮಾಡುತ್ತಿದ್ದವನಂತೆ. ಮಗನಿಗೂ ಕಲ್ಲಿನ ಗುಣವೇ ಬಂದಿತ್ತು. ಬಿಸಿಲಿರಲಿ, ಹಿಮವಿರಲಿ, ಹೊಟ್ಟೆ ಮೇಲೆ ಮಲಗಿದನೆಂದರೆ ನಾಲ್ಕು ತಾಸು ಅಲುಗಾಡುತ್ತಿರಲಿಲ್ಲ. ಅವನ ಜೊತೆಗಾರ ನಾಯಕ್ ಸಿದ್ರಾಮ ಕಮತಗಿ ಅದಕ್ಕೆ ಪೂರಾ ತದ್ವಿರುದ್ಧ. ದುರ್ಬೀನು ಹಿಡಿದು ಗುರಿ ಹುಡುಕುವುದು, ಗಾಳಿಯ ಲೆಕ್ಕ ಹೇಳುವುದು ಸಿದ್ರಾಮನ ಕೆಲಸ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಬಾಳಣ್ಣ, ನೀ ಹಿಂಗ ಮಕ್ಕೊಂಡ್ರ ಹೆಣಾ ಅಂತ ತಿಳದು ಹದ್ದು ಬಂದು ಕುಂಡರತೈತಿ ನೋಡು."

"ಕುಂಡ್ರಲಿ ಬಿಡು. ನಿನ್ನಂಗ ವಟಾ ವಟಾ ಅನ್ನೂದಿಲ್ಲಲ್ಲ ಅದು."

ಬಾಳಪ್ಪನಿಗೆ ಒಂದು ಪದ್ಧತಿಯಿತ್ತು. ಗುಂಡು ಹಾರಿದ ಕೂಡಲೇ ಬೋಲ್ಟನ್ನು ರಪ್ಪನೆ ಎಳೆಯುತ್ತಿರಲಿಲ್ಲ. ಖಾಲಿ ತೋಟಾ ಹಿತ್ತಾಳೆಯದು. ಹಾರಿ ಬಿದ್ದರೆ ಬಿಸಿಲಿಗೆ ಹೊಳೆಯುತ್ತದೆ, ಕಲ್ಲಿನ ಮೇಲೆ ಬಿದ್ದರೆ ಸಪ್ಪಳವಾಗುತ್ತದೆ. ಎದುರಿನವನಿಗೆ ನಾವಿರುವ ಜಾಗ ಗೊತ್ತಾಗಲು ಅಷ್ಟು ಸಾಕು. ಅದಕ್ಕೆ ಅವನು ಎಡ ಅಂಗೈಯನ್ನು ನನ್ನ ಮೇಲೆ ಹೊದಿಕೆಯಂತೆ ಇಟ್ಟು, ಬಲಗೈಯಿಂದ ಬೋಲ್ಟನ್ನು ಮೆಲ್ಲಗೆ ಹಿಂದೆ ತಂದು, ಬಿಸಿ ತೋಟಾವನ್ನು ಬೆರಳಿನಿಂದ ಹೆಕ್ಕಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಎರಡು ಸೆಕೆಂಡಿನ ಕೆಲಸಕ್ಕೆ ಐದಾಗುತ್ತಿತ್ತು. ಆ ಅಂಗೈಯ ಬಿಸಿ ನನಗೆ ಬಹಳ ಇಷ್ಟ. ನಾಲ್ಕು ವರ್ಷ ಅದೇ ರೂಢಿ. ನಾಲ್ಕು ವರ್ಷವೂ ನಮ್ಮ ಮೂವರ ಜಾಗ ಯಾರಿಗೂ ಗೊತ್ತಾಗಲಿಲ್ಲ.

ಐದನೆಯ ವರ್ಷ ನಮ್ಮನ್ನು ಹಿಮದ ಗಡಿಗೆ ಕಳಿಸಿದರು. ಒಂದು ಮಧ್ಯಾಹ್ನ ಕೆಳಗಿನ ತೊರೆಗೆ ನೀರಿಗೆ ಹೋಗಿದ್ದ ನಮ್ಮವರ ಮೇಲೆ ಎದುರು ಗುಡ್ಡದ ಬಂಡೆಗಳಿಂದ ಗುಂಡು ಬರತೊಡಗಿತು. ಕ್ಯಾನುಗಳನ್ನು ಬಿಸಾಡಿ ಅವರು ನೆಲಕ್ಕೆ ಬಿದ್ದರು. ಬಾಳಪ್ಪ ಬಂಡೆಯ ಸಂದಿನಲ್ಲಿ ಒಬ್ಬನನ್ನು ಕಂಡ. ನಾನು ಗುಡುಗಿದೆ. ಅವನು ಮುಂದಕ್ಕೆ ಕುಸಿದ. ಸಾವನ್ನು ನಾನು ಹೊಗಳುವವಳಲ್ಲ. ತೊರೆಯ ಬದಿಯಲ್ಲಿ ಆರು ಮಂದಿ ನಮ್ಮವರಿದ್ದರು, ಅಷ್ಟೇ ಹೇಳಬಲ್ಲೆ.

"ಎಡಕ್ಕ ಇನ್ನೊಬ್ಬ ಅದಾನ, ಬಾಳಣ್ಣ! ನಮ್ಮ ಕಡೀನ ತಿರಗ್ಯಾನ. ಲಗೂ!"

ಬಾಳಪ್ಪನ ಎಡ ಅಂಗೈ ರೂಢಿಯಂತೆ ನನ್ನ ಮೇಲೆ ಬಂದು ಕೂತಿತ್ತು. ಬೋಲ್ಟ್ ಮೆಲ್ಲಗೆ ಹಿಂದೆ ಬರುತ್ತಿತ್ತು. ಬೇಗ ಎನ್ನುವ ಆ "ಲಗೂ" ಕೇಳಿ ಅವನು ಗಾಬರಿಯಿಂದ ಎಳೆದ, ಮುಂದೆ ತಳ್ಳಿದ, ಕಣ್ಣು ಮತ್ತೆ ನನ್ನ ಮೇಲೆ ಕೂರಿಸಿದ ದುರ್ಬೀನಿಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಹಸಿ ಕಟ್ಟಿಗೆ ಮುರಿದಂಥ ಸಪ್ಪಳ. ಸಿದ್ರಾಮನ ಬಲ ಮೊಣಕೈ ಹೋಗಿತ್ತು.

ಸ್ಟ್ರೆಚರಿನಲ್ಲಿ ಹೊತ್ತು ಇಳಿಸುವಾಗಲೂ ಅವನ ಬಾಯಿ ನಿಲ್ಲಲಿಲ್ಲ. "ಬಾಳಣ್ಣ, ಇನ್ನ ಮ್ಯಾಲ ಸಾಹೇಬ್ರಿಗೆ ಸಲ್ಯೂಟ್ ಹೊಡಿಯೂ ಕಾಟ ತಪ್ಪಿತು ನೋಡು" ಎಂದ. ಬಾಳಪ್ಪ ಸ್ಟ್ರೆಚರಿನ ಪಕ್ಕದಲ್ಲೇ ನಡೆಯುತ್ತಿದ್ದ. ಆ ಖಾಲಿ ತೋಟಾ ಅವನ ಮುಷ್ಟಿಯಲ್ಲಿಯೇ ಇತ್ತು. ಆಮೇಲೆ ಅದು ಕಿಸೆಗೆ ಹೋಯಿತು; ಬೇರೆಯವೆಲ್ಲ ಕೋತ್‌ಗೆ ವಾಪಸು ಹೋದರೂ ಅದೊಂದು ಹೋಗಲಿಲ್ಲ. ಕೂತಲ್ಲಿ ನಿಂತಲ್ಲಿ ಅವನು ಅದನ್ನು ಬೆರಳ ನಡುವೆ ಉರುಳಿಸುತ್ತಿದ್ದ.

ತಪ್ಪು ಅವನ ಅಂಗೈಯದೋ, ನನ್ನ ಹುಟ್ಟಿನದೋ? ಅಂದಿನಿಂದ ನಾನು ಕೋತ್‌ನ ಸಾಲಿನಲ್ಲಿ ನಿಂತರೂ ನಿಂತಂತಿರಲಿಲ್ಲ.

ಮರು ವರ್ಷ ಹೊಸದು ಬಂತು. ಅರ್ಧ ತಾನೇ ತಾನಾಗಿ ಕೆಲಸ ಮಾಡುವ ರೈಫಲ್. ಸಿಪಾಯಿಗಳು ಅದನ್ನು ಸೆಮಿ ಎನ್ನುತ್ತಿದ್ದರು. ಗುಂಡು ಹಾರಿದ ಹೊಗೆಯ ಒತ್ತಡದಿಂದಲೇ ಅದು ಖಾಲಿ ತೋಟಾವನ್ನು ಹೊರಗೆ ಉಗುಳಿ, ಮುಂದಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಕಣ್ಣು ದುರ್ಬೀನು ಬಿಟ್ಟು ಕದಲಬೇಕಿಲ್ಲ. ಬೆರಳು ಒತ್ತಿದಷ್ಟು ಸಲ ಗುಂಡು. ಅದನ್ನು ಬೆನ್ನಿಗೆ ಹಾಕಿಕೊಂಡು ಬಂದವನು ಲಾನ್ಸ್ ನಾಯಕ್ ಗುರುಪಾದ ಹಂಚಿನಾಳ, ಬೈಲಹೊಂಗಲದವನು. ಒಂದು ವರ್ಷ ಅದರ ಮೇಲೆಯೇ ಪಳಗಿ ಸಿದ್ರಾಮನ ಜಾಗಕ್ಕೆ ಬಂದಿದ್ದ. ಕೈ ಚುರುಕು, ಬಾಯಿಯೂ ಚುರುಕು.

ಗುರಿ ಅಭ್ಯಾಸದ ರೇಂಜಿನಲ್ಲಿ ಎರಡನ್ನೂ ಪರೀಕ್ಷೆಗೆ ಹಚ್ಚಿದರು. ಎಂಟುನೂರು ಮೀಟರ್ ದೂರದ ಹಲಗೆಗೆ ನಿಧಾನವಾಗಿ ಐದೈದು ಗುಂಡು. ನನ್ನ ಐದೂ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಸೆಮಿಯವು ಎರಡು ಅಂಗೈ ಬೇಡುತ್ತಿದ್ದವು.

"ಏನಲೇ ಗುರುಪಾದ, ಎಮ್ಮಿ ಸಗಣಿ ಹಾಕಿದಂಗ ಹಾಕೀಯಲ್ಲ?" ಎಂದ ಬಾಳಪ್ಪ.

"ತಡೀರಿ ಉಸ್ತಾದ್, ಈಗರ ಸುರು ಆಗೇತಿ."

ಆಮೇಲೆ ಓಡುವ ಗುರಿಗಳು. ಐದು ಹಲಗೆಗಳು ಒಂದೊಂದು ಕಡೆಯಿಂದ ಎದ್ದು ಮುಳುಗುತ್ತಿದ್ದವು. ಗುರುಪಾದ ಐದನ್ನೂ ಉರುಳಿಸಿದ. ನಾನು ಎರಡು ಉರುಳಿಸಿ ಮೂರನೆಯದಕ್ಕೆ ಬೋಲ್ಟ್ ಎಳೆಯುತ್ತಿರುವಾಗ ಆಟವೇ ಮುಗಿದಿತ್ತು.

"ಉಸ್ತಾದ್, ನಿಮ್ಮ ಹದಿನೇಳು ನಂಬರಿಗೆ ಒಂದ ಕಪ್ಪು ಚಾ ಕೊಡ್ರಿ, ಆಮ್ಯಾಗ ಹೊಡೀತೈತಿ."

ಎಲ್ಲರೂ ನಕ್ಕರು. ಬಾಳಪ್ಪ ನಗಲಿಲ್ಲ. ಕಿಸೆಯೊಳಗೆ ಅವನ ಬೆರಳು ಆ ತೋಟಾವನ್ನು ಉರುಳಿಸುತ್ತಿತ್ತು.

ಕಂಪನಿಯ ಮೇಜರ್ ಚೆಂಗಪ್ಪ ಕೊಡಗಿನವರು. ಬಾಳಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬಾಳಪ್ಪ, ಈ ಸಲ ಎರಡನ್ನೂ ಮೇಲಿನ ಠಾಣೆಗೆ ತೆಗೆದುಕೊಂಡು ಹೋಗಿ. ಇಳಿದು ಬಂದಾಗ ನನಗೆ ಒಂದು ಪುಟ ಬರೆದುಕೊಡಿ. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ. ನೀವು ಬರೆದದ್ದೇ ಪಲ್ಟನ್ನಿನ ಮಾತಾಗಿ ಮೇಲಕ್ಕೆ ಹೋಗುತ್ತದೆ. ಹುಡುಗರ ಜೀವದ ಪ್ರಶ್ನೆ." ಆಮೇಲೆ, "ನಾಯಬ್ ಸುಬೇದಾರ್ ಬಡ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರೂ ಹೋಗಿದೆ. ನಿವೃತ್ತಿಗೆ ಮುಂಚೆ ಹೆಗಲಿಗೆ ನಕ್ಷತ್ರ ಬರಲಿ" ಎಂದರು.

ಬಾಳಪ್ಪನಿಗೆ ಉಳಿದಿದ್ದದ್ದು ಎಂಟು ತಿಂಗಳ ನೌಕರಿ. ಅವನ ಅಂಗೈಗೆ ನಾನು ಬೇಕಾಗಿದ್ದೆ. ಸಿದ್ರಾಮನ ಹೋದ ಕೈ ಸೆಮಿ ಬೇಕೆನ್ನುತ್ತಿತ್ತು. ಮೇಲಿನ ಬಂಕರಿನಲ್ಲಿ ಅವನು ದಿನಾ ಬಿಳಿ ಹಾಳೆ ತೆಗೆಯುತ್ತಿದ್ದ, ಎರಡು ಸಾಲು ಬರೆಯುತ್ತಿದ್ದ, ಹರಿದು ಒಲೆಗೆ ಹಾಕುತ್ತಿದ್ದ.

ಒಲೆ ಎಂದೆನಲ್ಲ, ಅದರದೇ ಒಂದು ಗೋಳು. ಬುಖಾರಿ ಎನ್ನುವ ಸೀಮೆಎಣ್ಣೆ ಒಲೆ ಇಲ್ಲದೆ ಆ ಎತ್ತರದಲ್ಲಿ ಮನುಷ್ಯ ಉಳಿಯಲಾರ. ಹೊಗೆ ಹೊರಗೆ ಹೋಗಲು ಅದಕ್ಕೆ ಆಳುದ್ದದ ತಗಡಿನ ಕೊಳವೆ. ನಮ್ಮ ಕೊಳವೆ ತುಕ್ಕು ತಿಂದು ಸಣ್ಣ ಸಣ್ಣ ತೂತಾಗಿ ಬಂಕರ್ ತುಂಬ ಹೊಗೆ. ಎಲ್ಲರ ಕಣ್ಣೂ ಕೆಂಡ. ಹೊಸ ಕೊಳವೆ ಕಳಿಸಿ ಎಂದು ಬಾಳಪ್ಪ ವೈರ್‌ಲೆಸ್ಸಿನಲ್ಲಿ ಬೇಡಿ ಬೇಡಿ ಸಾಕಾಗಿದ್ದ. ಗುರುವಾರ ಹಮಾಲರ ತಂಡದ ಜೊತೆ ಬರುತ್ತದೆ ಎಂದು ಕೆಳಗಿನಿಂದ ಉತ್ತರ ಬಂದಿತ್ತು. ಹಮಾಲರು ಬರುವುದು ಯಾವಾಗಲೂ ಬೆನ್ನಿನ ಬದಿಯ ಕಾಲುದಾರಿಯಲ್ಲಿ, ಐದಾರು ಜನ ಒಟ್ಟಿಗೆ, ಕೆಂಪು ಬಾವುಟ ಹಿಡಿದು. ಮುಂದಿನ ನಾಲಾದಲ್ಲಿ, ಅಂದರೆ ಎದುರಿನ ಕೊರಕಲಿನಲ್ಲಿ, ನಮ್ಮವರು ಯಾರೂ ಓಡಾಡುವುದಿಲ್ಲ.

ಬುಧವಾರ ಬೆಳಿಗ್ಗೆ ವೈರ್‌ಲೆಸ್ ಬೇರೆಯೇ ಸುದ್ದಿ ಹೇಳಿತು. ನಾಲಾದ ಕಡೆ ಅಪರಿಚಿತರು ಕಂಡಿದ್ದಾರೆ, ಎಚ್ಚರ. ಹಿಂದಿನ ದಿನ ಬಿದ್ದ ಒದ್ದೆ ಹಿಮಕ್ಕೆ ಸೆಮಿಯ ಒಳಗಿನ ಭಾಗಗಳು ಹೆಪ್ಪುಗಟ್ಟಿ ಅಂಟಿಕೊಂಡಿದ್ದವು. ಗುರುಪಾದ ಅದನ್ನು ಬಿಚ್ಚಿ ಒಲೆಯ ಹತ್ತಿರ ಹರವಿದ್ದ. ಅದು ಕೆಟ್ಟ ರೈಫಲ್ ಎಂದು ನಾನು ಹೇಳುವುದಿಲ್ಲ. ಅಂಥ ಚಳಿಯಲ್ಲಿ ಒಮ್ಮೊಮ್ಮೆ ನನ್ನ ಬೋಲ್ಟೂ ಕಚ್ಚಿಕೊಂಡಿದ್ದುಂಟು. ಅವತ್ತು ಹೊಡೆಯುವ ಸರದಿ ಗುರುಪಾದನದು, ನನ್ನನ್ನು ಎತ್ತಿಕೊಂಡ. ಬಾಳಪ್ಪ ದುರ್ಬೀನು ಹಿಡಿದ. ಇಬ್ಬರೂ ಕಲ್ಲಿನ ಮರೆಯಲ್ಲಿ ಮಲಗಿದರು.

ಮಂಜು ಹತ್ತಿ ಹಿಂಜಿದಂತೆ ನಾಲಾದ ತುಂಬ ಓಡಾಡುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅದರೊಳಗೆ ಒಂದು ಆಕಾರ ಅಲುಗಿತು.

"ಉಸ್ತಾದ್, ನಾಲಾದಾಗ ಒಬ್ಬಾಂವ."

"ಒಬ್ಬನ?"

"ಒಬ್ಬನ ಕಾಣ್ತಾನ. ಹೆಗಲ ಮ್ಯಾಲ ಉದ್ದಂದು ಏನೋ ಐತ್ರಿ. ಕೊಳವಿ ಇದ್ದಂಗ ಐತಿ. ರಾಕೆಟ್ ಹಾರಸೂದ ಇರಬೇಕ್ರಿ."

ಹಳೆಯ ಬಾಳಪ್ಪನಾಗಿದ್ದರೆ ಮಂಜು ಸರಿಯುವವರೆಗೆ ಕಾಯುತ್ತಿದ್ದ. ಮೊಳದ ದೂರಕ್ಕೆ ಬಂದರೂ ಮುಖ ನೋಡದೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಅವನ ಕಿವಿಯಲ್ಲಿ ಇನ್ನೂ ಸಿದ್ರಾಮ "ಲಗೂ" ಎನ್ನುತ್ತಿದ್ದ. ಆಕಾರ ನಿಂತಿತು. ಹೆಗಲ ಮೇಲಿನ ಕೊಳವೆ ನಮ್ಮ ಕಡೆ ತಿರುಗಿತು.

"ಹೊಡಿ" ಎಂದ ಬಾಳಪ್ಪ.

ಗುರುಪಾದ ಹೊಡೆದ. ಎದುರಿನಿಂದ ಠಣ್ ಎಂದು ತಗಡಿನ ಸಪ್ಪಳ ಬಂತು. ಆಕಾರ ಅಂಗಾತ ಬಿದ್ದು, ಮತ್ತೆ ಎದ್ದು ಕೂತಿತು. ಈಗ ಎದೆ ನೇರವಾಗಿ ದುರ್ಬೀನಿನ ಗೀಟಿನ ಮೇಲೆ. ಇಂಥ ಗುರಿ ತಪ್ಪುವುದೇ ಇಲ್ಲ. ಗುರುಪಾದನ ಬೆರಳು ತಡಮಾಡದೆ ಮತ್ತೆ ಒತ್ತಿತು.

ಏನೂ ಆಗಲಿಲ್ಲ.

ಟ್ರಿಗರ್ ಸಡಿಲ ಹಲ್ಲಿನಂತೆ ಹಿಂದೆ ಬಂತು, ಮುಂದೆ ಹೋಯಿತು. ಮತ್ತೆ ಒತ್ತಿದ. ಮತ್ತೆ ಏನೂ ಇಲ್ಲ. ಒಂದು ವರ್ಷ ಸೆಮಿಯ ಮೇಲೆ ಪಳಗಿದ ಕೈ ಅದು. ನನ್ನ ಬೋಲ್ಟ್ ಎಳೆಯಬೇಕು ಎನ್ನುವುದನ್ನೇ ಮರೆತಿತ್ತು.

"ಏನಾತ್ರಿ ಇದಕ?"

"ಬೋಲ್ಟ್ ಎಳೀಲೇ, ಬೋಲ್ಟ್..."

ಗುರುಪಾದನ ಕೈ ಹಿಡಿಕೆಗೆ ಬಂತು. ಅಷ್ಟರಲ್ಲಿ ಗಾಳಿ ಬೀಸಿತು. ಮಂಜು ಪರದೆಯಂತೆ ಪಕ್ಕಕ್ಕೆ ಸರಿಯಿತು. ಹಿಮದ ಮೇಲೆ ಒಬ್ಬ ಮನುಷ್ಯ ಕಾಲು ಚಾಚಿ ಕೂತಿದ್ದ. ಕಪ್ಪು ತಗಡಿನ ಕೊಳವೆಯೊಂದನ್ನು ಮಗುವಿನಂತೆ ಎರಡೂ ಕೈಯಿಂದ ಅಪ್ಪಿಕೊಂಡಿದ್ದ. ಗಂಟಲು ಹರಿದುಹೋಗುವಂತೆ ಕೂಗುತ್ತಿದ್ದ: "ಸಾಬ್! ಬುಖಾರಿ! ಬುಖಾರಿ!"

ಬಾಳಪ್ಪನ ಅಂಗೈ ನನ್ನ ಮೇಲೆ ದಡಕ್ಕನೆ ಬಿತ್ತು. ಯಾವತ್ತೂ ಬೆಚ್ಚಗಿರುತ್ತಿದ್ದ ಅಂಗೈ ಅವತ್ತು ಮಂಜುಗಡ್ಡೆಯಾಗಿತ್ತು.

"ಕೈ ತಗಿ. ಕೈ ತಗೀಲೇ. ನಮ್ಮಾಂವ ಅಂವ."

ಅವನು ಹಮಾಲ ನುರ್ಬು. ಹಿಂದಿನ ದಿನದ ಹಿಮಕ್ಕೆ ಕಾಲುದಾರಿ ಕುಸಿದಿತ್ತು. ಮೇಲಿನವರು ಹೊಗೆ ಕುಡಿಯುತ್ತಿದ್ದಾರಲ್ಲ ಎಂದು ತಂಡಕ್ಕೆ ಕಾಯದೆ, ಯಾರಿಗೂ ಹೇಳದೆ, ಒಂದು ದಿನ ಮುಂಚೆ ಒಬ್ಬನೇ ನಾಲಾ ಹಿಡಿದು ಬಂದಿದ್ದ. ಗುಂಡು ಕೊಳವೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೋಗಿತ್ತು, ಅವನ ಕಿವಿಯಿಂದ ನಾಲ್ಕು ಬೆರಳು ಆಚೆ.

ಬಂಕರಿಗೆ ಬಂದು ಕೂತ ಮೇಲೆ ನುರ್ಬು ತನ್ನ ಮುರುಕು ಹಿಂದಿಯಲ್ಲಿ ಅಂದ, ಕೊಳವೆ ತಾ ಎನ್ನುವವರೂ ನೀವೇ, ತಂದರೆ ಗುಂಡು ಹೊಡೆಯುವವರೂ ನೀವೇ, ಬಣ್ಣ ಹಿಡಿಸಲಿಲ್ಲವೇನು? ಗುರುಪಾದ ನಗಲು ಹೋಗಿ ಅತ್ತುಬಿಟ್ಟ. ನುರ್ಬುವಿನ ಮಾತು ಗಟ್ಟಿಯಾಗಿತ್ತು, ಲೋಟದ ಚಹಾ ಮಾತ್ರ ಮಡಿಲಿಗೆ ಚೆಲ್ಲುತ್ತಿತ್ತು. ಕೊನೆಗೆ ಬಾಳಪ್ಪನೇ ಲೋಟ ಹಿಡಿದು ಕುಡಿಸಿದ.

ಅವನು ನನ್ನ ಬೋಲ್ಟನ್ನು ಮೆಲ್ಲಗೆ ಎಳೆದು ಆ ಖಾಲಿ ತೋಟಾ ತೆಗೆದದ್ದು ಸಂಜೆಗೆ. ಕಿಸೆಯಲ್ಲಿ ಈಗ ಎರಡಾದವು.

"ಉಸ್ತಾದ್," ಎಂದ ಗುರುಪಾದ, "ಅಂವಗ ಏನೂ ಆಗಿಲ್ಲ. ಗಾಳಿ ನೋಡಾಕ ಒಂದ್ ಗುಂಡು ಹೊಡದ್ವಿ, ಕೊಳವಿ ದಾರ್ಯಾಗ ಕಲ್ಲಿಗೆ ಬಡದು ತೂತ ಬಿದ್ದತಿ ಅಂದ್ರ ಮುಗೀತು. ನಿಮ್ಮ ಹೆಸರು ಸುಬೇದಾರಿಕಿಗೆ ಹೋಗೇತಿ. ಸುಮ್ನ ಯಾಕ?"

"ಕಲ್ಲು ಬಡದ್ರ ಎರಡೂ ಕಡೆ ದುಂಡಕ ತೂತ ಬೀಳತೈತೇನಲೇ?"

"ಯಾರ್ ನೋಡಾಕ ಬರ್ತಾರ‍್ರಿ ಇಲ್ಲಿ?"

ಬಾಳಪ್ಪ ಎದ್ದು ಕೊಳವೆಯನ್ನು ಒಲೆಗೆ ಜೋಡಿಸಿದ. ಹೊಸ ಕೊಳವೆಯ ಆ ಎರಡು ತೂತುಗಳಿಂದ ಹೊಗೆ ಮತ್ತೆ ಒಳಗೇ ಬರುತ್ತಿತ್ತು. ಒದ್ದೆ ಚಿಂದಿ ಸುತ್ತಿದರೂ ನಿಲ್ಲಲಿಲ್ಲ. ಇಳಿಯುವ ದಿನದವರೆಗೆ ಎಲ್ಲರೂ ಕೆಮ್ಮಿದರು. ಆ ದಿನಗಳಲ್ಲಿ ಅವನು ಹಾಳೆ ಹರಿಯಲಿಲ್ಲ. ಹಾಳೆ ತೆಗೆಯಲೇ ಇಲ್ಲ. ನನ್ನನ್ನು ಮಾತ್ರ ದಿನಕ್ಕೆ ಮೂರು ಸಲ ಒರೆಸುತ್ತಿದ್ದ. ಸುಳ್ಳು ಬರೆದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು. ಸೆಮಿಯನ್ನು ಸುಮ್ಮನೆ ಹೊಗಳಿ ಬರೆಯಬಹುದು, ನಕ್ಷತ್ರ ಬರುತ್ತದೆ, ಮುಂದೆ ಎಂದೋ ಇನ್ನೊಬ್ಬ ಗುರುಪಾದ ಇನ್ನೊಬ್ಬ ನುರ್ಬುವಿನ ಮೇಲೆ ಎರಡನೆಯ ಸಲ ಬೆರಳು ಒತ್ತುತ್ತಾನೆ, ಆಗ ಗುಂಡು ಹಾರುತ್ತದೆ.

ಕೆಳಗಿಳಿದ ದಿನ ಮಧ್ಯಾಹ್ನ ಮೇಜರ್ ಚೆಂಗಪ್ಪನವರ ಟೆಂಟಿಗೆ ಹೋದೆವು. ನಾನು ಅವನ ಹೆಗಲಿನಲ್ಲಿದ್ದೆ. ಬಾಳಪ್ಪ ಹಾಳೆ ಕೊಡಲಿಲ್ಲ. ನೆಟ್ಟಗೆ ನಿಂತು ಹೇಳಿದ.

"ಸಾಹೇಬ್ರ, ಹೊಸಾದು ತಗೋರಿ. ಹೊಸಾದಿದ್ರ ಸಿದ್ರಾಮನ ಕೈ ಉಳೀತಿತ್ತು. ಆದ್ರ ಅದನ್ನ ಮೊದಲ ದಿನಾನ ಕೈಯಾಗ ಕೊಡಬ್ಯಾಡ್ರಿ. ಒಂದ್ ವರ್ಷ ಈ ಹಳೇದರ ಮ್ಯಾಲ ಕಲೀಲಿ. ಒಂದ್ ಗುಂಡು ಹೊಡದ ಮ್ಯಾಲ ಒಂದೀಟು ನಿಂದ್ರೂದು ಕೈಗೆ ರೂಢಿ ಆಗಲಿ. ಆಮ್ಯಾಗ ಕೊಡ್ರಿ."

"ಯಾಕೆ? ಎರಡು ರೈಫಲ್ಲಿನ ತರಬೇತಿ ಅಂದರೆ ಎರಡು ಪಟ್ಟು ಕೆಲಸ. ಮೇಲಿನವರು ಕಾರಣ ಕೇಳುತ್ತಾರೆ."

ಬಾಳಪ್ಪ ಕಾರಣ ಹೇಳಿದ. ಮಂಜು, ಕೊಳವೆ, ನುರ್ಬು, ಏನೂ ಆಗದೆ ಹೋದ ಎರಡನೆಯ ಒತ್ತು, ಎಲ್ಲ ಹೇಳಿದ. "ಗುರುಪಾದಂದು ತಪ್ಪಿಲ್ರಿ. ಹೊಡಿ ಅಂದಾಂವ ನಾನು. ಮಾರಿ ನೋಡಲಾರದ ಅಂದೆ."

ಮೇಜರ್ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು. "ಇದನ್ನು ಬರೆದುಕೊಟ್ಟರೆ ನಾನು ಕಳಿಸಲೇಬೇಕು. ವಿಚಾರಣೆ ಆಗುತ್ತದೆ. ನಿಮ್ಮ ಪಟ್ಟಿಯ ಕಥೆ ಗೊತ್ತಲ್ಲ?"

"ಗೊತ್ತೈತ್ರಿ."

"ಕಾರಣ ಬಿಟ್ಟು ಬರೀ ಸಲಹೆ ಬರೆಯಬಹುದು, ಬಾಳಪ್ಪ."

"ಕಾರಣ ಬಿಟ್ರ ಯಾರ್ ಕೇಳ್ತಾರ‍್ರಿ ಸಾಹೇಬ್ರ? ಮುದುಕಗ ಹಳೇ ಬಂದೂಕಿನ ಮ್ಯಾಲ ಮಾಯೆ ಅಂತಾರ, ಅಷ್ಟ."

ಅಲ್ಲಿಯೇ ಕೂತು ಒಂದೇ ಉಸಿರಿಗೆ ಬರೆದ. ಈ ಸಲ ಹರಿಯಲಿಲ್ಲ.

ನಕ್ಷತ್ರ ಬರಲಿಲ್ಲ. ಹವಾಲ್ದಾರನಾಗಿಯೇ ಅವನು ನಿವೃತ್ತನಾದ. ಸಲಹೆ ಮಾತ್ರ ಒಪ್ಪಿಗೆಯಾಯಿತು, ಒಂದು ವರ್ಷ ಅಲ್ಲ, ಆರು ತಿಂಗಳು. ಹೋಗುವ ದಿನ ಕೋತ್‌ಗೆ ಬಂದು ನನಗೆ ಕೊನೆಯ ಸಲ ಎಣ್ಣೆ ಹಚ್ಚಿದ. ಎಡ ಅಂಗೈಯನ್ನು ಬೋಲ್ಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟ. ಮತ್ತೆ ಬೆಚ್ಚಗಿತ್ತು. ಕಿಸೆಯಿಂದ ಎರಡನೆಯ ತೋಟಾ ತೆಗೆದು ಗುರುಪಾದನ ಕೈಗೆ ಕೊಟ್ಟ. ಮೊದಲನೆಯದನ್ನು ಕೊಡಲಿಲ್ಲ. "ಇದನ್ನ ಸಿದ್ರಾಮಗ ತೋರಸ್ಬೇಕು. ಬೈಯಾಕ ಅಂವಗೂ ಒಂದು ನೆವ ಬೇಕಲ್ಲ" ಎಂದ.

ಆಮೇಲೆ ಹತ್ತಾರು ವರ್ಷ ನಾನು ಕಲಿಯುವವರ ಕೈಯಲ್ಲಿ ಸವೆದೆ. ನಳಿಗೆಯ ಗೀರುಗಳು ಮಾಸಿದವು. ಗುರಿ ಹಿಡಿತಕ್ಕೆ ಸಿಗದಾಯಿತು. ಒಂದು ದಿನ ಕಾರ್ಯಾಗಾರಕ್ಕೆ ಒಯ್ದು ನನ್ನ ನಳಿಗೆಗೆ ಅಡ್ಡ ತೂತು ಹೊಡೆದರು, ಇನ್ನು ಗುಂಡು ಹಾಕುವಂತಿಲ್ಲ ಎನ್ನುವುದಕ್ಕೆ. ಒಳಗೆ ಬೋಲ್ಟ್ ಹೇಗೆ ಆಡುತ್ತದೆ ಎಂದು ಕಾಣಲಿ ಎಂದು ಮಗ್ಗುಲನ್ನೂ ಕೊಯ್ದರು. ನೋವಾಯಿತೇ ಎಂದು ಕೇಳಬೇಡಿ. ನೆಟ್ಟಗೆ ಮಾಡಿದ ಆ ಮುದುಕ ನೆನಪಾದ, ಅಷ್ಟೇ.

ಈಗ ತರಬೇತಿ ಶಾಲೆಯ ಒಂದು ಮೂಲೆಯ ಮೇಜಿನ ಮೇಲೆ ಮಲಗಿದ್ದೇನೆ. ಎದುರಿನ ಗೋಡೆಗೆ ಎರಡು ತೂತಿನ ತಗಡಿನ ಕೊಳವೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಮೇಲಿನ ಠಾಣೆಯಿಂದ ಅದನ್ನು ಹೊತ್ತು ತಂದವನು ಗುರುಪಾದ. ಈಗ ಅವನೇ ಇಲ್ಲಿಯ ಉಸ್ತಾದ್, ಮೀಸೆ ನರೆತಿದೆ. ಕಿಟಕಿಯಿಂದ ಗಾಳಿ ಬಂದಾಗ ಆ ತೂತುಗಳು ಸಣ್ಣಗೆ ಸಿಳ್ಳೆ ಹಾಕುತ್ತವೆ. ಆಗ ನನಗೆ ಮಲಗಿದ ಮೇಜೇ ಕದಲಿದಂತಾಗುತ್ತದೆ. ಸಿದ್ರಾಮನ ಕೈ ತೆಗೆದದ್ದೂ ನುರ್ಬುವಿನ ಜೀವ ಉಳಿಸಿದ್ದೂ ಅವೇ ಎರಡು ಸೆಕೆಂಡು. ಹೆಮ್ಮೆಪಡಲು ಹೋದರೆ ಒಬ್ಬ ಅಡ್ಡ ಬರುತ್ತಾನೆ, ನೊಂದುಕೊಳ್ಳಲು ಹೋದರೆ ಇನ್ನೊಬ್ಬ.

ಮೊನ್ನೆ ಹೊಸ ತಂಡ ಬಂತು. ಗುರುಪಾದ ಎಂದಿನಂತೆ ಏನನ್ನೂ ವಿವರಿಸದೆ, "ಎರಡ್ ಸಲ ಒತ್ತು" ಎಂದ. ವಿಜಯಪುರದ ಕಡೆಯ ಒಬ್ಬ ಸಿಪಾಯಿ ಬಂದು ಒತ್ತಿದ. ಮೊದಲ ಸಲ ಟಕ್ ಎಂದೆ. ಎರಡನೆಯ ಸಲ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಹಿಂದಿನವರು ಕಿಸಕ್ಕನೆ ನಕ್ಕರು.

"ಕೆಟ್ಟೈತೇನ್ರಿ ಉಸ್ತಾದ್ ಇದು?"

"ಕೆಟ್ಟಿಲ್ಲ. ಈಗ ಆ ದುರ್ಬೀನಿನ್ಯಾಗ ಯಾರ್ ಅದಾರ ನೋಡು. ನೋಡಿ ಹೇಳು. ಆಮ್ಯಾಗ ಬೋಲ್ಟ್ ಎಳಿ."

ಸಿಪಾಯಿ ಕಣ್ಣು ಕಿರಿದು ಮಾಡಿ ನೋಡಿದ. ದುರ್ಬೀನಿನ ತುದಿಯಲ್ಲಿ, ಕಿಟಕಿಯ ಹೊರಗೆ, ಬಯಲಿನಾಚೆ ಅಡುಗೆಮನೆಯ ಬಾಗಿಲು. ಯಾರೋ ನೀರಿನ ಕ್ಯಾನು ಹೆಗಲ ಮೇಲೆ ಹೊತ್ತು ಬರುತ್ತಿದ್ದರು.

"ನಮ್ಮ ಅಡಿಗಿಯಾಂವ ಅದಾನ್ರಿ."

ಅವನ ಕೈ ನನ್ನ ಬೋಲ್ಟಿನ ಹತ್ತಿರ ಬಂತು. ಅಲ್ಲಿಯೇ ನಿಂತಿತು. ಎಳೆಯಲಿಲ್ಲ.